ಗಾಳಿಯಲ್ಲಿ ಹುಟ್ಟುವ ತಿರುಪು

ಒಲಿಂಪಿಕ್ಸ್ ಬಂದಾಗ ಟಿ.ವಿ. ಮುಂದೆ ಕೂರುವವರಿಗೆಲ್ಲ ಪರಿಚಿತವಾದ ನೋಟವಿದು. ಜಿಮ್ನಾಸ್ಟ್ ಒಬ್ಬಳು ಅಂಕಣದ ಮೂಲೆಯಿಂದ ಓಡಿ ಬರುತ್ತಾಳೆ, ಕೈಯೂರಿ ಪಲ್ಟಿ ಹೊಡೆಯುತ್ತಾಳೆ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಮೇಲಕ್ಕೆ ಚಿಮ್ಮಿ ಹಿಮ್ಮುಖವಾಗಿ ಲಾಗ ಹಾಕುತ್ತಾಳೆ. ಇಲ್ಲಿಯವರೆಗೆ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ನೆಲವನ್ನು ಬಲವಾಗಿ ಒದ್ದಳು, ಮೇಲೆ ಹೋದಳು, ಸುತ್ತಿದಳು. ಆದರೆ ಮೊದಲ ಲಾಗ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ, ಕಾಲಿಗೂ ಕೈಗೂ ಏನೂ ತಾಗದಿರುವಾಗ, ಅದುವರೆಗೆ ಇಲ್ಲದ ಹೊಸದೊಂದು ತಿರುಗಾಟ ಕಾಣಿಸಿಕೊಳ್ಳುತ್ತದೆ. ನೆತ್ತಿಯಿಂದ ಪಾದದವರೆಗಿನ ಉದ್ದ ಗೆರೆಯ ಸುತ್ತ ಮೈ ಗಿರ್ರನೆ ತಿರುಗಿ, ಇಳಿಯುವ ಮುನ್ನ ಥಟ್ಟನೆ ನಿಂತುಬಿಡುತ್ತದೆ. ಹುಟ್ಟಿದ್ದು ಎಲ್ಲಿಂದ? ಹೋದದ್ದು ಎಲ್ಲಿಗೆ?

ಪ್ರಶ್ನೆ ಕಾಣುವಷ್ಟು ಸರಳವಲ್ಲ. ನಿಂತಲ್ಲೇ ಎಡಕ್ಕೆ ಹೊರಳಬೇಕಾದರೂ ನಮ್ಮ ಪಾದ ನೆಲವನ್ನು ಬಲಕ್ಕೆ ಒತ್ತಲೇಬೇಕು. ಗಾಳಿಯಲ್ಲಿ ಒತ್ತುವುದಕ್ಕೆ ನೆಲವಿಲ್ಲ. ಗಾಳಿಯನ್ನೇ ಒತ್ತಿದರೆ ಎನ್ನಬಹುದು. ಬರಿಗೈ ಬೀಸಿ ಒಂದು ಸೆಕೆಂಡಿನೊಳಗೆ ಮೈಯನ್ನು ಎರಡು ಮೂರು ಸುತ್ತು ತಿರುಗಿಸುವಷ್ಟು ಆಸರೆ ಗಾಳಿ ಕೊಡುವುದಿಲ್ಲ. ಶಾಲೆಯಲ್ಲಿ ವಿಜ್ಞಾನ ಓದಿದವರ ತಕರಾರು ಇನ್ನೂ ಗಟ್ಟಿಯಾದದ್ದು: ಹೊರಗಿನ ತಿರುಚುಬಲ ಇಲ್ಲದಾಗ ತಿರುಗಾಟದ ಒಟ್ಟು ಮೊತ್ತ ಬದಲಾಗಕೂಡದು. ಆ ನಿಯಮಕ್ಕೆ ವಿನಾಯಿತಿ ಇಲ್ಲ, ಒಲಿಂಪಿಕ್ಸ್ ಪದಕ ಗೆದ್ದವರಿಗೂ ಇಲ್ಲ. ಆದ್ದರಿಂದ ಉತ್ತರ ನಿಯಮದ ಒಳಗೇ ಸಿಗಬೇಕು. ಈ ಅಧ್ಯಾಯದ ವಾದವಿಷ್ಟು: ತಿರುಪು ಗಾಳಿಯಲ್ಲಿ ಹೊಸದಾಗಿ ಸೃಷ್ಟಿಯಾಗುವುದಿಲ್ಲ. ಅದು ಲಾಗದಿಂದ ಪಡೆದ ಸಾಲ. ಸಾಲ ಕೊಡಿಸುವುದು ಮೈಯ ಸಣ್ಣದೊಂದು ವಾಲಿಕೆ.

ನೆಲ ಬಿಡುವ ಮೊದಲು

ಮಾತು ಗೊಂದಲವಾಗದಿರಲು ಎರಡು ತಿರುಗಾಟಗಳನ್ನು ಬೇರೆ ಮಾಡಿಕೊಳ್ಳೋಣ. ಸೊಂಟದ ಎಡದಿಂದ ಬಲಕ್ಕೆ ಅಡ್ಡಲಾಗಿ ಹಾದ ಗೆರೆಯ ಸುತ್ತ ತಲೆ ಕೆಳಗಾಗಿ ಸುತ್ತುವುದು ಲಾಗ. ನೆತ್ತಿಯಿಂದ ಪಾದಕ್ಕೆ ಇಳಿಯುವ ಗೆರೆಯ ಸುತ್ತ ತಿರುಗುವುದು ತಿರುಪು. ಇವೆರಡರಲ್ಲಿ ಲಾಗಕ್ಕೆ ಬೇಕಾದದ್ದೆಲ್ಲ ನೆಲದಿಂದಲೇ ಬರುತ್ತದೆ. ಫ್ಲೋರ್ ಎಕ್ಸರ್‌ಸೈಜ್ ನಡೆಯುವ ಅಂಕಣ 12 ಮೀಟರ್ ಉದ್ದ, 12 ಮೀಟರ್ ಅಗಲದ ಚೌಕ. ಹಲಗೆಯ ಅಡಿಯಲ್ಲಿ ಸ್ಪ್ರಿಂಗುಗಳಿರುತ್ತವೆ. ಓಟ, ಆಮೇಲೆ ರೌಂಡ್ ಆಫ್, ಆಮೇಲೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಕೊನೆಗೆ ಎರಡೂ ಪಾದ ಕೂಡಿಸಿ ಒದೆತ. ಮುಮ್ಮುಖದ ಓಟವನ್ನು ಹಿಮ್ಮುಖದ ಚಲನೆಯಾಗಿ ಮಾರ್ಪಡಿಸುವುದು ರೌಂಡ್ ಆಫ್‌ನ ಕೆಲಸ. ಕೊನೆಯಲ್ಲಿ ಪಾದಗಳು ಬ್ರೇಕಿನಂತೆ ನೆಲವನ್ನು ಹಿಡಿದಾಗ ಓಟದ ವೇಗದ ಒಂದು ಪಾಲು ಎತ್ತರವಾಗುತ್ತದೆ, ಇನ್ನೊಂದು ಪಾಲು ತಿರುಗಾಟವಾಗುತ್ತದೆ.

ಈ ಕೊನೆಯ ಒದೆತ ನಡೆಯುವ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಎರಡು ಲಾಗಕ್ಕೆ ಗಾಳಿಯಲ್ಲಿ ಸಿಗುವ ಕಾಲ ಸುಮಾರು ಒಂದು ಸೆಕೆಂಡು. ಒಂದು ಸೆಕೆಂಡು ಮೇಲಿರಬೇಕಾದರೆ ಮೈಯ ತೂಕದ ನಡುಬಿಂದು ಸುಮಾರು 1.2 ಮೀಟರ್ ಮೇಲೇರಬೇಕು. ಅದಕ್ಕೆ ನೆಲ ಬಿಡುವಾಗಲೇ ಮೇಲ್ಮುಖ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 5 ಮೀಟರ್ ಇರಬೇಕು. ಅಷ್ಟು ವೇಗವನ್ನು ಅಷ್ಟು ಚಿಕ್ಕ ಸ್ಪರ್ಶದಲ್ಲಿ ಗಳಿಸಬೇಕೆಂದರೆ ನೆಲ ತನ್ನನ್ನು ಒದ್ದವಳನ್ನು ಅವಳ ತೂಕದ ಐದು ಪಟ್ಟಿಗೂ ಹೆಚ್ಚಿನ ಬಲದಿಂದ ಮರಳಿ ತಳ್ಳುತ್ತಿದೆ ಎಂದರ್ಥ. ಕುಳ್ಳಗಿನ, ಗಟ್ಟಿ ತೊಡೆಯ ಮೈಕಟ್ಟು ಈ ಆಟದಲ್ಲಿ ಮೇಲುಗೈ ಪಡೆಯಲು ಇದೂ ಒಂದು ಕಾರಣ.

ಪಾದ ನೆಲ ಬಿಟ್ಟ ಕ್ಷಣದಲ್ಲಿ ಲೆಕ್ಕ ಮುಚ್ಚಿತು. ಆ ಕ್ಷಣದಲ್ಲಿ ಕೈಯಲ್ಲಿದ್ದ ತಿರುಗಾಟದ ಮೊತ್ತವೇ ಇಳಿಯುವವರೆಗಿನ ಮೊತ್ತ. ಇದನ್ನು ತಿರುಗುಮೊತ್ತ ಎಂದು ಕರೆಯೋಣ. ಪಠ್ಯಪುಸ್ತಕಗಳು ಕೋನೀಯ ಸಂವೇಗ ಎನ್ನುವುದು ಇದನ್ನೇ. ಮೊತ್ತ ಕಡಿಮೆ ಬಿದ್ದರೆ ಮೇಲೆ ಹೋಗಿ ತುಂಬಿಸಿಕೊಳ್ಳಲು ದಾರಿಯಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಕೆಲವೇ ವಾರ ಮೊದಲು, ಮಿನ್ಸ್ಕ್‌ನಲ್ಲಿ ಅಭ್ಯಾಸ ನಡೆಸುತ್ತಿದ್ದ ಸೋವಿಯತ್ ವಿಶ್ವ ಚಾಂಪಿಯನ್ ಎಲೆನಾ ಮುಖಿನಾ ಥಾಮಸ್ ಸಾಲ್ಟೊ ಎಂಬ ಚಲನೆಯಲ್ಲಿ ಬಿದ್ದದ್ದು ಹೀಗೆ. ಒಂದೂಮುಕ್ಕಾಲು ಲಾಗ, ಒಂದೂವರೆ ತಿರುಪು, ಕೊನೆಗೆ ನೆಲದ ಮೇಲೆ ಉರುಳುವಿಕೆ, ಇದು ಆ ಚಲನೆ. ಹಿಂದಿನ ವರ್ಷ ಮುರಿದಿದ್ದ ಕಾಲು ಸರಿಯಾಗಿ ಬಲಗೂಡಿರಲಿಲ್ಲ. ಒದೆತ ಸಾಲಲಿಲ್ಲ, ಲಾಗ ಪೂರ್ತಿಯಾಗಲಿಲ್ಲ, ಗದ್ದ ಮೊದಲು ನೆಲಕ್ಕೆ ಬಡಿದು ಕುತ್ತಿಗೆಯ ಮೂಳೆ ಮುರಿಯಿತು. ಮುಂದಿನ ಬದುಕೆಲ್ಲ ಆಕೆ ಪಾರ್ಶ್ವವಾಯುವಿನಲ್ಲಿ ಕಳೆಯಬೇಕಾಯಿತು.

ಹಂಡೆ ಮತ್ತು ಬಿದಿರಂಡೆ

ಮೊತ್ತ ಬದಲಾಗದು ಎಂದೆವು. ವೇಗವೂ ಬದಲಾಗದು ಎನ್ನಲಿಲ್ಲ. ಹಂಡೆಯಲ್ಲಿ ನೀರಿದೆ ಎಂದುಕೊಳ್ಳಿ. ಅದರಿಂದ ಒಂದು ಚೊಂಬು ತೆಗೆದರೆ ಮಟ್ಟ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಅದೇ ಚೊಂಬನ್ನು ಸಪೂರವಾದ ಬಿದಿರಂಡೆಗೆ ಸುರಿದರೆ ನೀರು ಕಂಠಮಟ್ಟ ಏರುತ್ತದೆ. ನೀರು ನಮ್ಮ ತಿರುಗುಮೊತ್ತ, ನೀರಿನ ಮಟ್ಟ ತಿರುಗುವ ವೇಗ. ಪಾತ್ರೆಯ ಅಗಲ ಯಾವುದು? ಸುತ್ತುವ ಗೆರೆಯಿಂದ ಮೈಯ ತೂಕ ಎಷ್ಟು ದೂರ ಹರಡಿದೆ ಎಂಬುದು. ಇದಕ್ಕೆ ತಿರುಗುಜಡತೆ ಎನ್ನೋಣ. ಕಾಲೇಜಿನಲ್ಲಿ ಕೇಳುವ ಮೊಮೆಂಟ್ ಆಫ್ ಇನರ್ಷಿಯಾ ಇದೇ.

ಮೈಯನ್ನು ನೆಟ್ಟಗೆ ಚಾಚಿ ಲಾಗ ಹಾಕುವಾಗ ತಲೆ ಒಂದು ತುದಿ, ಪಾದ ಇನ್ನೊಂದು ತುದಿ. ತೂಕವೆಲ್ಲ ಸೊಂಟದ ಗೆರೆಯಿಂದ ದೂರ. ಪಾತ್ರೆ ದೊಡ್ಡ ಹಂಡೆ, ವೇಗ ಕಡಿಮೆ. ಮೊಣಕಾಲನ್ನು ಎದೆಗೆಳೆದು ಮುದುಡಿದರೆ ಅದೇ ಪಾತ್ರೆ ಮೂರು ನಾಲ್ಕು ಪಟ್ಟು ಕಿರಿದಾಗುತ್ತದೆ, ಲಾಗ ಅಷ್ಟೇ ಪಟ್ಟು ಬಿರುಸಾಗುತ್ತದೆ. ಅಗರ್ತಲಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಮೇಲಿಂದ ಮಾಡಿದ ಪ್ರೊಡುನೋವಾ ಇದರ ಶುದ್ಧ ಉದಾಹರಣೆ. ಅದರಲ್ಲಿ ತಿರುಪೇ ಇಲ್ಲ. ಮುದುಡಿ, ಮುಮ್ಮುಖವಾಗಿ ಎರಡು ಲಾಗ, ಅಷ್ಟೆ. 15.066 ಅಂಕ ಪಡೆದು ಆಕೆ ನಾಲ್ಕನೆಯವರಾದದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ.

ತಿರುಪಿನ ಪಾತ್ರೆಯ ಅಳತೆ ಬೇರೆ. ನೆತ್ತಿ-ಪಾದದ ಗೆರೆಯ ಸುತ್ತ ನೋಡಿದರೆ ಮೈಯ ತೂಕವೆಲ್ಲ ಒಂದು ಗೇಣಿನೊಳಗೇ ಇದೆ. ಕೈಗಳನ್ನು ಮೈಗೆ ಒತ್ತಿಕೊಂಡ ನೆಟ್ಟಗಿನ ದೇಹಕ್ಕೆ ಲಾಗದ ಜಡತೆಯು ತಿರುಪಿನ ಜಡತೆಗಿಂತ ಸುಮಾರು 15 ಪಟ್ಟು ಹೆಚ್ಚು. ಅಂದರೆ ಹಂಡೆಯಿಂದ ಒಂದಿಷ್ಟು ನೀರು ಹೇಗಾದರೂ ಬಿದಿರಂಡೆಗೆ ಬಿದ್ದರೆ ಸಾಕು, ಅಲ್ಲಿ ಭೋರೆಂದು ಮಟ್ಟ ಏರುತ್ತದೆ. ಉಳಿದಿರುವುದು ‘ಹೇಗಾದರೂ’ ಎಂಬುದನ್ನು ಬಿಡಿಸುವುದು.

ಬೆಕ್ಕಿನ ಉತ್ತರ ಸಾಲದು

ಇಲ್ಲಿ ಬಹಳ ಮಂದಿ ಬೆಕ್ಕನ್ನು ಎಳೆದು ತರುತ್ತಾರೆ, ತಪ್ಪೇನಿಲ್ಲ. ಬೆನ್ನು ಕೆಳಗಾಗಿ ಬೀಳಿಸಿದ ಬೆಕ್ಕು ಕಾಲೂರಿಯೇ ಇಳಿಯುತ್ತದೆ. ಬಿಡುವವರ ಕೈಯನ್ನು ಒದ್ದು ತಿರುಗುತ್ತದೆ ಎಂಬ ಅನುಮಾನ ಹಿಂದೆ ಇತ್ತು. 1894ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಬೀಳುವ ಬೆಕ್ಕಿನ ಸರಣಿ ಚಿತ್ರಗಳನ್ನು ತೆಗೆದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಬೀಳತೊಡಗಿದಾಗ ಬೆಕ್ಕಿಗೆ ತಿರುಗಾಟವೇ ಇರಲಿಲ್ಲ, ತಿರುಗಿದ್ದು ಆಮೇಲೆ. 1969ರಲ್ಲಿ ಕೇನ್ ಮತ್ತು ಶೆರ್ ಎಂಬಿಬ್ಬರು ಬೆಕ್ಕನ್ನು ನಡುವಿನಲ್ಲಿ ಬಾಗಿದ ಎರಡು ತುಂಡುಗಳೆಂದು ಭಾವಿಸಿ ಲೆಕ್ಕ ಹಾಕಿ ತೋರಿಸಿದರು: ಬಾಗಿದ ಬೆನ್ನನ್ನು ಉಳಿಸಿಕೊಂಡೇ ಮುಂಭಾಗವೂ ಹಿಂಭಾಗವೂ ತಂತಮ್ಮ ಗೆರೆಯ ಸುತ್ತ ಹೊರಳಿದರೆ, ಒಟ್ಟು ಮೊತ್ತ ಸೊನ್ನೆಯಾಗಿದ್ದರೂ ಪ್ರಾಣಿ ಮಗ್ಗುಲು ಬದಲಿಸಬಲ್ಲದು.

ಮನುಷ್ಯನೂ ಸೊಂಟ ಬಳುಕಿಸಿ ಇದನ್ನು ಮಾಡಬಲ್ಲ. ಆದರೆ ಈ ಉಪಾಯದಲ್ಲಿ ಎಷ್ಟು ಹೊತ್ತು ಬಳುಕುತ್ತೀರೋ ಅಷ್ಟೇ ತಿರುಗಾಟ; ಬಳುಕು ನಿಂತೊಡನೆ ತಿರುಗಾಟವೂ ನಿಲ್ಲುತ್ತದೆ. ಬೆಕ್ಕಿಗೆ ಬೇಕಾದದ್ದು ಅರ್ಧ ಸುತ್ತು. ನಮ್ಮ ಬೆನ್ನೆಲುಬು ಬೆಕ್ಕಿನದಲ್ಲ. ಸೆಕೆಂಡಿಗೆ ಎರಡು ಮೂರು ಸುತ್ತನ್ನು ಈ ದಾರಿಯಲ್ಲಿ ಪಡೆಯಬೇಕಾದರೆ ಸೊಂಟ ಹುಚ್ಚು ವೇಗದಲ್ಲಿ ಸುಳಿಯಬೇಕು. ಟಿ.ವಿ.ಯಲ್ಲಿ ನಿಧಾನಗತಿಯ ಮರುಪ್ರಸಾರ ನೋಡಿ: ತಿರುಪಿನ ಉದ್ದಕ್ಕೂ ಜಿಮ್ನಾಸ್ಟ್‌ಳ ಮೈ ಕೋಲಿನಂತೆ ಬಿಗಿಯಾಗಿರುತ್ತದೆ, ಕೈ ಎದೆಗೆ ಅಂಟಿರುತ್ತದೆ, ಯಾವ ಬಳುಕೂ ಕಾಣುವುದಿಲ್ಲ. ಏನೂ ಮಾಡದೆ ತಿರುಗುತ್ತಲೇ ಇರುವ ಮೈಯನ್ನು ಬೆಕ್ಕಿನ ಉಪಾಯ ವಿವರಿಸಲಾರದು.

ಒಂದು ಕೈ ಕೆಳಗೆ

ಅದೇ ಮರುಪ್ರಸಾರದಲ್ಲಿ ತಿರುಪು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಏನಾಗುತ್ತದೆ ಎಂಬುದೇ ಮುಖ್ಯ. ಎರಡೂ ಕೈಗಳು ಅಗಲವಾಗಿಯೋ ತಲೆಯ ಮೇಲೋ ಚಾಚಿಕೊಂಡಿರುತ್ತವೆ. ಒಂದು ಕೈ ಪಕ್ಕದಿಂದ ದೊಡ್ಡ ಕಮಾನು ಬರೆಯುತ್ತ ಕೆಳಗಿಳಿಯುತ್ತದೆ. ಇನ್ನೊಂದು ಮೇಲೆಯೇ ಉಳಿಯುತ್ತದೆ, ಇಲ್ಲವೇ ಮೇಲೇರುತ್ತದೆ. ಎರಡೂ ಕೈ ಸೇರಿ ಒಂದೇ ದಿಕ್ಕಿಗೆ, ಬಂಡಿಯ ಚಕ್ರ ತಿರುಗಿಸಿದ ಹಾಗೆ, ಬೀಸಿದಂತಾಯಿತು. ಕೈ ಒಂದು ದಿಕ್ಕಿಗೆ ಹೋದರೆ ಮಿಕ್ಕ ಮೈ ಎದುರು ದಿಕ್ಕಿಗೆ ಹೋಗಲೇಬೇಕು. ಒಂದೊಂದು ಕೈಯ ತೂಕ ಮೈತೂಕದ ನೂರಕ್ಕೆ 5ರಷ್ಟು ಮಾತ್ರ. ಆದ್ದರಿಂದ ಕೈ ಅರ್ಧ ಸುತ್ತು ಬೀಸಿದರೂ ಮೈ ವಾಲುವುದು ಕೆಲವೇ ಡಿಗ್ರಿ. ನೋಡುವವರ ಗಮನಕ್ಕೆ ಬರದಷ್ಟು ಚಿಕ್ಕ ವಾಲಿಕೆ.

ಅದೇ ಸಾಕು. ತಿರುಗುಮೊತ್ತಕ್ಕೆ ಪ್ರಮಾಣವಷ್ಟೇ ಅಲ್ಲ, ದಿಕ್ಕೂ ಇದೆ. ನೆಲ ಬಿಟ್ಟಾಗ ಅದರ ಗೆರೆ ನೆಲಕ್ಕೆ ಸಮಾನಾಂತರವಾಗಿ, ಎಡದಿಂದ ಬಲಕ್ಕೆ, ಚಾಚಿತ್ತು. ಹೊರಗಿನವರು ಯಾರೂ ಮುಟ್ಟದ ಕಾರಣ ಆ ಗೆರೆ ಅಲ್ಲಿಂದ ಅಲುಗುವುದಿಲ್ಲ. ಅಲುಗಿದ್ದು ಮೈ. ಮೊದಲು ಮೈಯ ಉದ್ದಗೆರೆ ಈ ಗೆರೆಗೆ ಸರಿಯಾಗಿ ಲಂಬವಾಗಿತ್ತು, ಹಾಗಾಗಿ ಮೊತ್ತದಲ್ಲಿ ಕಿಂಚಿತ್ತೂ ಉದ್ದಗೆರೆಯ ಪಾಲಿಗೆ ಬರುತ್ತಿರಲಿಲ್ಲ. ವಾಲಿದ ಮೇಲೆ ಲಂಬ ತಪ್ಪಿತು, ಮೊತ್ತದ ಒಂದಂಶ ಉದ್ದಗೆರೆಯ ಮೇಲೆ ಬಿತ್ತು. 10 ಡಿಗ್ರಿ ವಾಲಿದರೆ ಆ ಅಂಶ ನೂರಕ್ಕೆ 17. ಹಂಡೆಯಿಂದ ಬಿದಿರಂಡೆಗೆ ಒಂದು ಚೊಂಬು ಬಿತ್ತೆನ್ನಿ. 15 ಪಟ್ಟು ಸಪೂರದ ಪಾತ್ರೆಯಲ್ಲಿ ಅಷ್ಟು ನೀರಿಗೆ ಸಿಗುವ ಮಟ್ಟ ಎಷ್ಟು? ಪ್ರತಿ ಲಾಗಕ್ಕೆ ಹೆಚ್ಚುಕಡಿಮೆ ಎರಡೂಕಾಲರಿಂದ ಎರಡೂವರೆ ತಿರುಪು. ಕೈ ಬೀಸಿ ಮುಗಿದ ಮೇಲೆ ಮತ್ತೇನೂ ಮಾಡಬೇಕಿಲ್ಲ. ವಾಲಿಕೆ ಇರುವವರೆಗೆ ತಿರುಪು ತಾನಾಗಿ ನಡೆಯುತ್ತದೆ. ಕೈಗಳನ್ನು ಎದೆಗೆ ಸುತ್ತಿಕೊಂಡರೆ ಪಾತ್ರೆ ಇನ್ನಷ್ಟು ಸಪೂರ, ವೇಗ ಇನ್ನಷ್ಟು ಜಾಸ್ತಿ.

ನೂರರಲ್ಲಿ 17 ಹೋದರೆ ಲಾಗವೂ ಅಷ್ಟು ನಿಧಾನವಾಗಬೇಡವೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಹಂಡೆಯ ಹೋಲಿಕೆ ಕೈಕೊಡುವುದು ಇಲ್ಲಿಯೇ. ದಿಕ್ಕುಳ್ಳ ಮೊತ್ತಗಳನ್ನು ನೀರಿನಂತೆ, ಹಣದಂತೆ ಕಳೆಯಲಾಗದು. 10 ಡಿಗ್ರಿ ಓರೆಯಾದಾಗ ಅಡ್ಡದಿಕ್ಕಿಗೆ ನೂರಕ್ಕೆ 17 ಸಿಕ್ಕರೂ ಮೂಲ ದಿಕ್ಕಿನಲ್ಲಿ 98ಕ್ಕೂ ಹೆಚ್ಚು ಉಳಿದಿರುತ್ತದೆ. ಸಣ್ಣ ವಾಲಿಕೆಗೆ ಲಾಗ ತೆರುವ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ತಿರುಪು ಎಲ್ಲಿಂದಲೋ ಪುಕ್ಕಟೆ ಬಂತು ಎಂಬ ಭ್ರಮೆ ನಮಗೆ ಹುಟ್ಟುವುದೂ ಇದರಿಂದಲೇ.

ಇದೇ ತರ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಮೈಯನ್ನು ಪೂರ್ತಿ ಮುದುಡಿದರೆ ಲಾಗದ ಪಾತ್ರೆ ಕುಗ್ಗುತ್ತದೆ, ತಿರುಪಿನ ಪಾತ್ರೆ ಹಿಗ್ಗುತ್ತದೆ. ಉಂಡೆಗೆ ಉದ್ದ ಅಗಲದ ಭೇದ ಉಳಿಯುವುದಿಲ್ಲ. ಆಗ ಎಷ್ಟು ವಾಲಿದರೂ ಲಾಭ ಅಲ್ಪ. ಬೇಗ ಲಾಗ ಹಾಕಲು ಮುದುಡಬೇಕು, ಬೇಗ ತಿರುಚಲು ಬಿಡಿಸಿಕೊಳ್ಳಬೇಕು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತನ್ನ ಹೆಸರಿಗೆ ಬರೆಸಿಕೊಂಡ ಎರಡು ಲಾಗ-ಮೂರು ತಿರುಪಿನ ಚಲನೆ ಈ ಎರಡು ಬೇಡಿಕೆಗಳ ನಡುವಿನ ರಾಜಿ. ನಿಯಮಪುಸ್ತಕದಲ್ಲಿ ಅದರ ಹೆಸರು ಮುದುಡಿದ ಲಾಗ ಎಂದಿದ್ದರೂ ತಿರುಪು ನಡೆಯುವಾಗ ಮೈ ಉಂಡೆಯಾಗಿರುವುದಿಲ್ಲ.

ನೆಲದಲ್ಲೇ ತಿರುಚಿಕೊಂಡರಾಯಿತಲ್ಲ?

ಗಂಭೀರವಾದ ಆಕ್ಷೇಪ ಇದು. ಕೋಚ್‌ಗಳಲ್ಲಿ ಅನೇಕರು ಹೇಳುವುದು ಹೀಗೆ: ಗಾಳಿಯ ಮಾತೆಲ್ಲ ಏಕೆ, ಜಿಮ್ನಾಸ್ಟ್ ನೆಲ ಬಿಡುವಾಗಲೇ ಭುಜ ಹೊರಳಿಸಿ ತಿರುಪನ್ನು ಹೊತ್ತುಕೊಂಡು ಹೋಗುತ್ತಾಳೆ. ಇದು ಸುಳ್ಳಲ್ಲ. ನೆಲದಿಂದ ತಿರುಪನ್ನು ಪಡೆಯಬಹುದು, ಪಡೆಯುತ್ತಾರೆ ಕೂಡ. ಮೊದಲ ಲಾಗದಲ್ಲೇ ಕಾಣುವ ತಿರುಪಿನಲ್ಲಿ ನೆಲದ ಪಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪ್ರಶ್ನೆಯಿರುವುದು ಅದೊಂದೇ ದಾರಿಯೇ ಎಂಬುದರಲ್ಲಿ.

ಅಲ್ಲ ಎನ್ನಲು ಕಣ್ಣಿಗೆ ಕಾಣುವ ಸಾಕ್ಷಿಯೇ ಇದೆ. 2013ರಲ್ಲಿ ಆಂಟ್‌ವರ್ಪ್‌ನಲ್ಲಿ ಬೈಲ್ಸ್ ಹೆಸರಿಗೆ ಸೇರಿದ ಮೊದಲ ಫ್ಲೋರ್ ಚಲನೆಯಲ್ಲಿ ನೆಟ್ಟಗಿನ ಮೈಯ ಎರಡು ಲಾಗಗಳಿವೆ, ಅರ್ಧ ತಿರುಪು ಬರುವುದು ಎರಡನೆಯದರಲ್ಲಿ. ಟ್ರ್ಯಾಂಪೊಲಿನ್ ಆಟಗಾರರಂತೂ ಮೊದಲ ಲಾಗವನ್ನು ಖಾಲಿ ಬಿಟ್ಟು ಎರಡನೆಯದರಲ್ಲಿ ಒಂದೂವರೆ ತಿರುಪು ಹಾಕುತ್ತಾರೆ. ನೆಲದಿಂದ ಹೊತ್ತು ತಂದ ತಿರುಪಾದರೆ ಮೊದಲ ಲಾಗದಲ್ಲೇ ಕಾಣಬೇಕಿತ್ತು. ಅಡಗಿ ಕೂತು ಆಮೇಲೆ ಎದ್ದುಬರಲು ಅದಕ್ಕೆ ಸಾಧ್ಯವಿಲ್ಲ. ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾಲಯದ ಫ್ರೆಡ್ ಯೆಡನ್ 1993ರಲ್ಲಿ ಪ್ರಕಟಿಸಿದ ಸರಣಿ ಪ್ರಬಂಧಗಳಲ್ಲಿ ಈ ಜಗಳವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಮನುಷ್ಯ ದೇಹವನ್ನು 11 ತುಂಡುಗಳ ಮಾದರಿಯಾಗಿ ಕಟ್ಟಿ, ನಿಜವಾದ ಆಟಗಾರರ ಚಿತ್ರೀಕರಣದಿಂದ ಅಳೆದ ಚಲನೆಗಳನ್ನು ಅದಕ್ಕೆ ಉಣಿಸಿ, ವಾಲಿಕೆಯಲ್ಲಿ ನೆಲದ ಪಾಲೆಷ್ಟು, ಕೈಯ ಪಾಲೆಷ್ಟು, ಸೊಂಟದ ಪಾಲೆಷ್ಟು ಎಂದು ಬೇರ್ಪಡಿಸುವ ದಾರಿ ತೋರಿಸಿದರು. ಅವರು ಅಳತೆಗೋಲಾಗಿ ಆರಿಸಿಕೊಂಡದ್ದು ವಾಲಿಕೆಯ ಕೋನವನ್ನೇ ಎಂಬುದು ಗಮನಿಸಬೇಕಾದ ಸಂಗತಿ. ತಿರುಪು ನೆಲದಿಂದ ಬರಲಿ, ಗಾಳಿಯಲ್ಲಿ ಹುಟ್ಟಲಿ, ಕೊನೆಗೆ ಎರಡೂ ಆ ಕೋನವಾಗಿಯೇ ಲೆಕ್ಕಕ್ಕೆ ಸಿಗುತ್ತವೆ.

ನನಗೆ ಇನ್ನೂ ಬಲವಾದ ಸಾಕ್ಷಿ ಅನ್ನಿಸುವುದು ಶುರುವಲ್ಲ, ಕೊನೆ. ನೆಲದಲ್ಲಿ ತಿರುಚಿಕೊಂಡು ಹೋದರೆ ತಿರುಗುಮೊತ್ತದ ಗೆರೆಯೇ ಓರೆಯಾಗಿರುತ್ತದೆ. ಆ ತಿರುಪನ್ನು ಪೂರ್ತಿ ನಿಲ್ಲಿಸಬೇಕಾದರೆ ಮೈಯನ್ನು ಆ ಓರೆಗೆರೆಗೆ ಲಂಬವಾಗಿ ತರಬೇಕು. ಆಗ ಜಿಮ್ನಾಸ್ಟ್ ಪಕ್ಕಕ್ಕೆ ವಾಲಿಕೊಂಡೇ ಇಳಿಯಬೇಕಾಗುತ್ತದೆ. ಗಾಳಿಯಲ್ಲಿ ಹುಟ್ಟಿದ ತಿರುಪಿಗೆ ಈ ತೊಡಕಿಲ್ಲ. ಕೈಯಿಂದ ಬಂದ ವಾಲಿಕೆಯನ್ನು ಕೈಯಿಂದಲೇ ವಾಪಸು ತೆಗೆದರೆ ಪಡೆದ ಸಾಲ ಚುಕ್ತಾ. ತಿರುಪು ಸೊನ್ನೆ, ಮೈ ನೆಟ್ಟಗೆ, ಲಾಗ ಮೊದಲಿನಂತೆ. ಅತ್ಯುತ್ತಮರು ಗೂಟ ಹೊಡೆದಂತೆ ಇಳಿಯುವುದನ್ನು ನಾವು ನೋಡುತ್ತೇವಲ್ಲ, ಅದು ಸಾಧ್ಯವಾಗುವುದು ಸಾಲ ತೀರಿದಾಗ. ತೀರದೆ ಉಳಿದರೆ ಪಾದ ನೆಲ ಹಿಡಿದ ಮೇಲೂ ಮೈ ತಿರುಗುತ್ತಲೇ ಇರುತ್ತದೆ, ನಡುವೆ ಸಿಕ್ಕಿಬೀಳುವುದು ಮೊಣಕಾಲು.

ನಿಲ್ಲಿಸುವ ಕಷ್ಟ

ಸಾಲ ತೀರಿಸುವುದಕ್ಕೆ ಗಳಿಗೆಯಿದೆ. ಕೈ ಬೀಸುವುದು ಮೈಯ ಎಡಬಲದ ಬಯಲಿನಲ್ಲಿ. ಮೈ ತಿರುಗುತ್ತಿರುವಾಗ ಆ ಬಯಲೂ ತಿರುಗುತ್ತಿರುತ್ತದೆ. ಎದೆಯೋ ಬೆನ್ನೋ ಲಾಗದ ದಿಕ್ಕಿಗೆ ಸರಿಯಾಗಿ ಮುಖ ಮಾಡಿದ ಗಳಿಗೆಯ ಆಸುಪಾಸಿನಲ್ಲಿ ಕೈ ಬೀಸಿದರೆ ವಾಲಿಕೆ ಅಳಿಯುತ್ತದೆ. ಕಾಲು ಸುತ್ತು ತಪ್ಪಿದರೆ ಅದೇ ಬೀಸು ವಾಲಿಕೆಯನ್ನು ಮುಟ್ಟದೆ ವ್ಯರ್ಥವಾಗುತ್ತದೆ. ಸೆಕೆಂಡಿಗೆ ಮೂರು ತಿರುಪು ಇದ್ದರೆ ಕಾಲು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಇದರ ಎರಡು ಪಟ್ಟಿಗೂ ಹೆಚ್ಚು ಸಮಯ ಬೇಕು. ಅಂದರೆ ಕಂಡು ತಿದ್ದುವ ಅವಕಾಶವೇ ಇಲ್ಲ. ತಾನೀಗ ಎಲ್ಲಿದ್ದೇನೆ ಎಂಬುದನ್ನು ಒಳಕಿವಿಯ ಅರೆವೃತ್ತ ನಾಳಗಳೂ ಸಾವಿರಾರು ಆವರ್ತನೆಗಳ ಅಭ್ಯಾಸವೂ ಮುಂಚಿತವಾಗಿಯೇ ಊಹಿಸಿಟ್ಟಿರಬೇಕು.

2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡಗಳ ಫೈನಲ್ ನಡೆದಾಗ ಬೈಲ್ಸ್ ವಾಲ್ಟ್‌ನಲ್ಲಿ ಎರಡೂವರೆ ತಿರುಪಿಗೆ ಹೊರಟು ಒಂದೂವರೆಗೆ ಇಳಿದರು. ತಾನು ಗಾಳಿಯಲ್ಲಿ ಎಲ್ಲಿದ್ದೇನೆಂಬ ಅರಿವೇ ತಪ್ಪಿಹೋಗುತ್ತಿದೆ ಎಂದು ಆಮೇಲೆ ಹೇಳಿದರು. ಜಿಮ್ನಾಸ್ಟರು ಟ್ವಿಸ್ಟೀಸ್ ಎಂದು ಕರೆಯುವ ಈ ಸ್ಥಿತಿಯನ್ನು ಮನಸ್ಸಿನ ದೌರ್ಬಲ್ಯವೆಂದು ಹೀಗಳೆದವರು ಆಗ ಕಡಿಮೆಯಿರಲಿಲ್ಲ. ಮನಸ್ಸಿನ ಪಾತ್ರ ಇಲ್ಲವೆಂದಲ್ಲ. ಆದರೆ ಬರೀ ಧೈರ್ಯದ ಪ್ರಶ್ನೆಯಾಗಿದ್ದರೆ ಅದು ಎಲ್ಲ ಚಲನೆಗಳನ್ನೂ ಸಮನಾಗಿ ಕೆಡಿಸಬೇಕಿತ್ತು. ಆಗಸ್ಟ್ 3ರಂದು ಬೈಲ್ಸ್ ಬ್ಯಾಲೆನ್ಸ್ ಬೀಮ್‌ಗೆ ಮರಳಿದಾಗ ತನ್ನ ಎಂದಿನ ತಿರುಪಿನ ಇಳಿತವನ್ನು ಕೈಬಿಟ್ಟು, ತಿರುಪಿಲ್ಲದ ಎರಡು ಲಾಗಗಳಿಂದ ಇಳಿದು ಕಂಚು ಪಡೆದರು. ಲಾಗ ಉಳಿದಿತ್ತು, ತಿರುಪು ಹೋಗಿತ್ತು. ಲಾಗದಲ್ಲಿ ಎಡಬಲ ಎರಡೂ ಒಂದೇ. ಯಾವಾಗ ಬಿಡಿಸಿಕೊಳ್ಳಬೇಕು ಎಂಬುದೊಂದು ತಿಳಿದಿದ್ದರೆ ಆಯಿತು. ತಿರುಪಿಗೆ ವಾಲಬೇಕು, ಎಣಿಸಬೇಕು, ಸರಿಯಾದ ಗಳಿಗೆಯಲ್ಲಿ ವಾಲಿಕೆಯನ್ನು ಅಳಿಸಬೇಕು. ಒಳಗಿನ ಗಡಿಯಾರ ತುಸು ಹಳಿತಪ್ಪಿದರೂ ಮೊದಲು ಕುಸಿಯುವುದು ಇದೇ.

ಕೈಗೆ ನಿಲುಕದ್ದು

ಇಷ್ಟು ಹೇಳಿದ ಮೇಲೆ ಗಾಳಿಯಲ್ಲಿ ಎಲ್ಲವೂ ಕೈಯ ಅಧೀನ ಎಂಬ ಅಭಿಪ್ರಾಯ ಹುಟ್ಟಬಹುದು. ಹಾಗಿಲ್ಲ. ಕೈಕಾಲು ಆಡಿಸಿ ಮೈಯ ಭಂಗಿ ಬದಲಿಸಬಹುದು, ತಿರುಗಾಟವನ್ನು ಒಂದು ಗೆರೆಯಿಂದ ಇನ್ನೊಂದಕ್ಕೆ ಹಂಚಬಹುದು. ತೂಕದ ನಡುಬಿಂದು ಸಾಗುವ ದಾರಿಯನ್ನು ಮಾತ್ರ ಕೂದಲೆಳೆಯಷ್ಟೂ ಬದಲಿಸಲಾಗದು. ಎಸೆದ ಕಲ್ಲಿನ ದಾರಿಯಂತೆ ಅದೂ ನೆಲ ಬಿಟ್ಟ ಕ್ಷಣದಲ್ಲೇ ನಿಶ್ಚಯವಾಗಿರುತ್ತದೆ. ಎಲ್ಲಿ ಇಳಿಯುವುದು ಎಂಬುದೂ ಅದರೊಡನೆಯೇ. ಹಿಮ್ಮುಖ ವೇಗ ಒಂದಿಷ್ಟು ಹೆಚ್ಚಾಗಿ ಉಳಿದಿದ್ದರೆ ತಿರುಪು ಎಷ್ಟೇ ಶುದ್ಧವಾಗಿ ಮುಗಿದರೂ ಇಳಿಯುವ ಜಾಗ ಅಂಕಣದ ಗಡಿಗೆರೆಯ ಹತ್ತಿರಕ್ಕೆ ಸರಿಯುತ್ತದೆ, ಇಳಿದ ಮೇಲಿನ ಹೆಜ್ಜೆ ಗೆರೆ ದಾಟಿಸುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫ್ಲೋರ್ ಫೈನಲ್‌ನಲ್ಲಿ ಗೆರೆ ದಾಟಿದ್ದಕ್ಕೆ ಬೈಲ್ಸ್ ಕಳೆದುಕೊಂಡದ್ದು ಒಟ್ಟು 0.6 ಅಂಕ. ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆ 14.166 ಅಂಕದೊಂದಿಗೆ ಚಿನ್ನ ಗೆದ್ದರು, ಬೈಲ್ಸ್‌ಗೆ 14.133.